ಮಡಕಶಿರಾದ ಮಾಲೆಲ್ಲ ತಪ್ಪು

ನನ್ನ ಅಕ್ಕನ ಮೈದುನನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಅವನನ್ನು ಕಂಡರೆ ಆಗುವುದಿಲ್ಲ. ಎದುರಿಗೆ ನಾನು ಅವನನ್ನು ‘ಭಾವ, ನೀವು’ ಎಂದೇ ಮಾತಾಡಿಸುತ್ತೇನೆ. ಇಲ್ಲಿ ಅವನು ಎದುರಿಗಿಲ್ಲ, ಆ ಕಷ್ಟ ಬೇಡ.

ಅವನಿಗೆ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಯೂನಿಟ್ ಇದೆ. ಅವನ ಅಣ್ಣ, ಅಂದರೆ ನನ್ನ ನಿಜವಾದ ಭಾವ, ಅದೇ ಕಸುಬಿನ ಒಂದು ಕವಲನ್ನು ಮಡಕಶಿರಾಕ್ಕೆ ತಂದು, ಊರಾಚೆ ತಗಡಿನ ಶೆಡ್ ಹಾಕಿ, ಸುತ್ತಲಿನ ಹೆಂಗಸರಿಗೆ ಹೊಲಿಗೆ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಶೆಡ್ಡನ್ನು ಅಕ್ಕ ನಡೆಸುತ್ತಿದ್ದಾಳೆ. ಕತ್ತರಿಸಿದ ಬಟ್ಟೆ ರಾಯದುರ್ಗದಿಂದ ಲಾರಿಯಲ್ಲಿ ಬರಬೇಕು, ಹೊಲಿದ ಪ್ಯಾಂಟು ರಾಯದುರ್ಗಕ್ಕೆ ವಾಪಸು ಹೋಗಬೇಕು. ಆ ಬಟ್ಟೆ ನಿಂತರೆ ಶೆಡ್ ನಿಲ್ಲುತ್ತದೆ. ಅಕ್ಕನ ಬದುಕು ಆ ಲಾರಿಯ ಮೇಲೆ ನಿಂತಿತ್ತು, ಲಾರಿ ಮೈದುನನ ಮಾತಿನ ಮೇಲೆ.

ಬಳ್ಳಾರಿಯ ವ್ಯಾಪಾರಿಯೊಬ್ಬ ಒಂದು ಸಲ ಕೆಲವು ಬಂಡಲ್‌ಗಳನ್ನು ವಾಪಸು ಕಳಿಸಿದ. ಹೊಲಿಗೆ ಅಲ್ಲಲ್ಲಿ ಬಿಟ್ಟುಹೋಗಿದೆ ಎಂದು ದೂರು. ಆ ಬಂಡಲ್‌ಗಳಲ್ಲಿ ಎರಡೂ ಕಡೆಯ ಪ್ಯಾಂಟು ಕಲೆತಿದ್ದವು. ಯಾರದು ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಮೈದುನನಿಗೆ ಕಷ್ಟವಾಗಲಿಲ್ಲ.

“ಅತ್ತಿಗಿ ಮಂದಿ ಹೊಲದದ್ದು,” ಎಂದ. “ಅದಕ್ಕೇ ನಿಮ್ಮನ್ನ ಕರಸೀನಿ ಡಾಕ್ಟರ್ರ. ಕ್ಯಾಮೆರಾ ಇಟ್ಟು ಹೊಲಿಗಿ ಚೆಕ್ ಮಾಡೋ ಮಷೀನ್ ಅದಾವಂತ, ಫೋನಿನ್ಯಾಗ ವಿಡಿಯೋ ನೋಡಿದೆ. ನೀವು ಅದನ್ನ ಓದೀರಂತಲ್ಲ? ಓದಿದ್ದು ಒಮ್ಮಿ ಕಣ್ಣಿಗೆ ಬೀಳ್ಲಿ ಅಂತ.”

“ಅಕ್ಕನ ಮಾಲೇ ತಪ್ಪು ಅಂತ ನಿಮಗೆ ಆಗಲೇ ಗೊತ್ತಲ್ಲ ಭಾವ. ಮಷೀನ್ ಯಾಕೆ?” ಎಂದೆ.

“ನಾ ಹೇಳಿದ್ರ ಮೈದುನ ಹಗೆ ಸಾಧಿಸ್ತಾನ ಅಂತಾರ. ಮಷೀನ್ ಹೇಳಿದ್ರ ಯಾರ ಏನ ಅಂತಾರ್ರೀ?”

ಆ ಕ್ಷಣವೇ ಎದ್ದು ಬರಬೇಕಿತ್ತು. ಬರಲಿಲ್ಲ. ನಾನು ಅನಂತಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಂಪ್ಯೂಟರಿಗೆ ಚಿತ್ರ ನೋಡಲು ಕಲಿಸುವುದು ನನ್ನ ಓದು, ಅದರಲ್ಲೇ ಪಿಎಚ್‌ಡಿ, ಅವನ ‘ಡಾಕ್ಟರ್ರ’ ಬಂದದ್ದು ಅಲ್ಲಿಂದ. ನನ್ನ ಓದು ಯಾರಿಗಾದರೂ ಕೆಲಸಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ. ಅಕ್ಕನ ಹೊಲಿಗೆ ಚೆನ್ನಾಗಿದೆ ಎಂದು ಇವನ ಮುಖದ ಮುಂದೆ ಹಿಡಿದು ತೋರಿಸಬೇಕೆಂಬ ಹಟವೂ ಇತ್ತು. ಹಾಗೆಂದು ಈಗ ಅನ್ನಿಸುತ್ತದೆ. ಆಗಲೂ ಇದೇ ಕಾರಣವಿತ್ತೋ, ಆಮೇಲೆ ನಾನು ತಂದು ಸೇರಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ.

ಕೆಲಸ ಹೀಗಿತ್ತು. ರಾಯದುರ್ಗದ ಚೆಕಿಂಗ್ ಟೇಬಲ್ಲಿನ ಮೇಲೆ ಸ್ಟ್ಯಾಂಡಿಗೆ ಫೋನ್ ಕಟ್ಟಿದೆವು. ಹೊಲಿಗೆಯ ಗೆರೆ ಮಾತ್ರ ಕಾಣುವಷ್ಟು ಹತ್ತಿರದಿಂದ ಫೋಟೊ. ಟೇಬಲ್ಲಿನ ಹೆಂಗಸರು ಪ್ರತಿ ಪೀಸು ನೋಡಿ ಸರಿ ಅಥವಾ ತಪ್ಪು ಎನ್ನುವರು, ಅದನ್ನು ಫೋಟೊದ ಜೊತೆ ಸೇರಿಸುವುದು. ಹೀಗೆ ಕಲಿತ ಪ್ರೋಗ್ರಾಮು ರಾಯದುರ್ಗದ ಹೊಸ ಪೀಸುಗಳನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ರಾಯದುರ್ಗದಲ್ಲಿ ಕಲಿತದ್ದು ಮಡಕಶಿರಾದಲ್ಲಿ ನಡೆಯುವುದಿಲ್ಲ. ರಾಯದುರ್ಗದಲ್ಲಿ ಟ್ಯೂಬ್‌ಲೈಟು. ಅಲ್ಲಿ ತಗಡಿನ ನಡುವೆ ಕೂರಿಸಿದ ಪ್ಲಾಸ್ಟಿಕ್ ಶೀಟಿನಿಂದ ಇಳಿಯುವ ಬಿಸಿಲು. ಫೋನ್ ಬೇರೆ, ಧೂಳು ಬೇರೆ. ಮನುಷ್ಯ ಇವನ್ನೆಲ್ಲ ಲೆಕ್ಕಿಸುವುದಿಲ್ಲ, ಪ್ರೋಗ್ರಾಮು ಇವುಗಳಲ್ಲೇ ಕಳೆದುಹೋಗುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಗ್ಗಿಸುವ ಈ ಕೆಲಸಕ್ಕೆ ನಮ್ಮಲ್ಲಿ ಡೊಮೈನ್ ಅಡಾಪ್ಟೇಶನ್ ಎನ್ನುತ್ತಾರೆ.

ನಾನು ಬಳಸಿದ ಉಪಾಯದ ಹೆಸರು ಕಾಂಟ್ರಾಸ್ಟಿವ್ ಲರ್ನಿಂಗ್. ಹೆಸರು ದೊಡ್ಡದು, ಮಾಡುವ ಕೆಲಸ ಎರಡೇ: ಎಳೆಯುವುದು, ತಳ್ಳುವುದು. ಪ್ರತಿ ಫೋಟೊವನ್ನು ಒಂದು ಬಯಲಿನಲ್ಲಿ ಇಟ್ಟ ಕಲ್ಲು ಎಂದುಕೊಳ್ಳಿ. ತಪ್ಪು ಹೊಲಿಗೆಯ ಕಲ್ಲುಗಳನ್ನೆಲ್ಲ ಒಂದು ಗುಂಪಿಗೆ ಎಳೆಯಬೇಕು, ಸರಿ ಹೊಲಿಗೆಯವನ್ನು ಇನ್ನೊಂದಕ್ಕೆ, ಎರಡು ಗುಂಪುಗಳನ್ನು ಆದಷ್ಟು ದೂರ ತಳ್ಳಬೇಕು. ಮಡಕಶಿರಾದ ಕಲ್ಲುಗಳು ಬಂದಾಗ ಅವುಗಳ ಮೇಲೆ ಸರಿ, ತಪ್ಪು ಎಂಬ ಗುರುತಿರುವುದಿಲ್ಲ. ಪ್ರೋಗ್ರಾಮು ತಾನೇ ಊಹಿಸುತ್ತದೆ. ಯಾವ ಗುಂಪಿಗೆ ಹತ್ತಿರ ಕಂಡಿತೋ ಅದರ ಕಡೆಗೆ ಎಳೆಯುತ್ತದೆ, ಎಳೆದ ಮೇಲೆ ಇನ್ನೂ ಹತ್ತಿರ ಕಾಣುತ್ತದೆ, ಮತ್ತೆ ಎಳೆಯುತ್ತದೆ. ಮೊದಲ ಊಹೆ ಸರಿಯಿದ್ದರೆ ಅದ್ಭುತ. ತಪ್ಪಿದ್ದರೆ ಎಳೆದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಪರದೆಯ ಮೇಲೆ ಅದು ತೋರುವ ಖಚಿತತೆ ಎರಡಕ್ಕೂ ಒಂದೇ.

ಮಡಕಶಿರಾದ ಕೆಲವು ಪೀಸುಗಳನ್ನಾದರೂ ಕೈಯಿಂದ ಪರೀಕ್ಷಿಸಿ ಗುರುತು ಹಾಕೋಣ, ಆಮೇಲೆ ತಾಳೆ ನೋಡಬಹುದು ಎಂದಿದ್ದೆ. ಮೈದುನ ಒಪ್ಪಲಿಲ್ಲ.

“ಅವರ ಮಾಲಿಗೆ ಅವರ ಗುರ್ತು ಹಾಕ್ತಾರ? ಪರೀಕ್ಷೆ ಬರೆದೋರೇ ಪೇಪರ್ ತಿದ್ದಿದಂಗ ಆತು. ನಿಮ್ಮ ಕಾಲೇಜಿನ್ಯಾಗ ಹಂಗ ನಡೀತೈತೇನು?”

ಗುರುತು ಬೇಕಿಲ್ಲ ಎಂಬುದೇ ಈ ವಿಧಾನದ ಹೆಚ್ಚುಗಾರಿಕೆ ಎಂದು ನಾನೇ ಹಿಂದಿನ ದಿನ ಅವನಿಗೆ ಬಡಾಯಿ ಕೊಚ್ಚಿದ್ದೆ. ಗುರುತು ಹಾಕುವ ಮಾತು ಬಿಟ್ಟೆ.

ಮಡಕಶಿರಾದ ಫೋಟೊಗಳನ್ನು ಅಲ್ಲಿಯ ಶೆಡ್ಡಿನ ಹೆಂಗಸೊಬ್ಬಳು ತನ್ನ ಫೋನಿನಲ್ಲಿ ತೆಗೆದು ಕಳಿಸಿದಳು. ನೋಡಿದಾಗ ಬಟ್ಟೆ ಪೇಲವವಾಗಿತ್ತು, ಬಿಳಿಚಿಕೊಂಡ ನೀಲಿ. ಈ ಸಲದ ಬಟ್ಟೆಯ ಬಣ್ಣವೇ ಹಾಗಿರಬೇಕು, ಮೇಲೆ ಬಿಸಿಲು ಬೇರೆ ಎಂದುಕೊಂಡೆ. ಬಣ್ಣ ಬೇರೆಯಾದದ್ದನ್ನು ಒಗ್ಗಿಸುವುದೇ ತಾನೆ ನನ್ನ ವಿದ್ಯೆ? ಪ್ರೋಗ್ರಾಮು ಓಡಿಸಿದೆ. ಮಡಕಶಿರಾದ ಮಾಲೆಲ್ಲ ತಪ್ಪು ಎಂದು ಬಂತು. ಹೆಚ್ಚುಕಡಿಮೆ ಎಲ್ಲವೂ.

ಅದನ್ನು ನಾನು ಮೈದುನನಿಗೆ ಹೇಳಲಿಲ್ಲ. ಆದರೆ ಪ್ರೋಗ್ರಾಮನ್ನು ಅವನ ಆಫೀಸಿನ ಕಂಪ್ಯೂಟರಿನಲ್ಲೂ ಹಾಕಿಕೊಟ್ಟಿದ್ದೆ. ಅವನೇ ನೋಡಿಕೊಂಡ. ಮರುದಿನ ಬೆಳಿಗ್ಗೆ ಫೋನು ಬಂತು. ಅವನ ದನಿಯಲ್ಲಿ ಅಷ್ಟು ಪ್ರೀತಿಯನ್ನು ನಾನು ಎಂದೂ ಕೇಳಿರಲಿಲ್ಲ.

“ಡಾಕ್ಟರ್ರ, ನಿಮ್ಮ ಓದು ಸಾರ್ಥಕ ಆತು ನೋಡ್ರಿ. ನಾನು ನಾಕಾಣೆ ಅಂದ್ಕಂಡಿದ್ದೆ, ಮಷೀನ್ ಹದಿನಾರಾಣೆ ಅಂತೈತಿ. ಇನ್ ಮ್ಯಾಲ ಮಾಲು ಬೊಮ್ಮನಹಾಳಿಗೆ ಕಳಸ್ತೀನಿ. ಅಲ್ಲಿ ಒಬ್ಬ ಹೊಸಾದಾಗಿ ಶೆಡ್ ಹಾಕ್ಯಾನ.”

“ತಡೀರಿ ಭಾವ. ಎಲ್ಲವೂ ತಪ್ಪು ಅಂದರೆ ಪ್ರೋಗ್ರಾಮೇ ತಪ್ಪು ಅಂತ ಅರ್ಥ.”

“ಹೌದೌದು. ನಿನ್ನೀ ಮಟ ಸರಿ ಇತ್ತು. ನಿಮ್ಮ ಅಕ್ಕನ ಹೆಸರು ಬಂದ ಕೂಡ್ಲೆ ಕೆಟ್ಟೋತು.”

ನಾನು ಮಡಕಶಿರಾಕ್ಕೆ ಹೊರಟೆ. ಶೆಡ್ ತಲುಪಿದಾಗ ಅಕ್ಕನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವಳು ತಲೆಯೆತ್ತಲಿಲ್ಲ.

“ಬಂದ್ಯಾ ಸಾಹೇಬ? ಬಾ, ಕೂತ್ಕ. ಇಲ್ಲ, ಬ್ಯಾಡ, ಆ ಕುರ್ಚಿ ನಾವ್ ಮಡಗಿರದು, ಅದೂ ತಪ್ಪಾಗಿರ್ತದೆ.”

ಹೊಲಿಯುತ್ತಿದ್ದ ಹೆಂಗಸರು ನಕ್ಕರು. ಒಬ್ಬಳು ತೆಲುಗಿನಲ್ಲಿ ಪಕ್ಕದವಳಿಗೆ ಏನೋ ಹೇಳಿದಳು, ಅವಳು ಇನ್ನೂ ಜೋರಾಗಿ ನಕ್ಕಳು. ನನಗೆ ತೆಲುಗು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಅಕ್ಕ, ಪ್ರೋಗ್ರಾಮಿನಲ್ಲಿ ಏನೋ ಎಡವಟ್ಟಾಗಿದೆ. ನೋಡೋಕೇ ಬಂದಿದೀನಿ.”

“ನೋಡು. ಅವನು ನಮ್ಮನ್ನ ಬಿಡಕ್ಕೆ ನೆಪ ಹುಡುಕ್ತಾ ಇದ್ದ. ಅವನ ಕೈಗೆ ಕೊಡ್ಲಿ ಹಿಡಿಸಿ ಬಂದು ಈಗ ನೋಡ್ತಾನಂತೆ.”

ಮೊದಲು ಬೆಳಕನ್ನು ನೋಡಿದೆ. ಪ್ಲಾಸ್ಟಿಕ್ ಶೀಟಿನ ಕೆಳಗೆ ಗೋಣಿ ಕಟ್ಟಿಸಿ, ಲೈಟ್ ಹಾಕಿ, ಫೋಟೊ ತೆಗೆದೆ. ತಪ್ಪು ಎಂದೇ ಬಂತು. ನನ್ನ ಫೋನಿನಲ್ಲಿ ತೆಗೆದೆ. ತಪ್ಪು. ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ತಪ್ಪು. ಅಕ್ಕ ಹೊಲಿಗೆ ನಿಲ್ಲಿಸದೆ ಓರೆಗಣ್ಣಲ್ಲಿ ನೋಡುತ್ತಿದ್ದಳು. ಬಣ್ಣ ಇಷ್ಟು ಪೇಲವ ಯಾಕೆ ಎಂದುಕೊಳ್ಳುತ್ತ ರಾಶಿಯಿಂದ ಒಂದು ಪ್ಯಾಂಟು ತೆಗೆದು, ಕಾಲಿನೊಳಗೆ ಕೈ ಹಾಕಿ ಸರಕ್ಕನೆ ತಿರುವಿದೆ. ಗಾಢ ನೀಲಿ ಹೊರಗೆ ಬಂತು.

“ತಿರುವಬ್ಯಾಡ!” ಎಂದು ಅಕ್ಕ ಕೂಗಿದಳು. ಎದ್ದು ಬಂದು ಕೈಯಿಂದ ಕಿತ್ತುಕೊಂಡಳು.

“ಯಾಕೆ?”

“ಯಾಕೆ ಅಂತೀಯ? ಹೊಸ ಬಟ್ಟೆ ಕಣೋ. ಮೈಮೇಲೆ ಹಾಕ್ಕಳ ತನಕ ಒಳಮೈ ಹೊರಗೇ ಇರ್ಬೇಕು. ಕಣ್ಣಾಯ್ತದೆ.”

ಶೆಡ್ಡಿನ ಪ್ಯಾಂಟುಗಳೆಲ್ಲ ಒಳಮೈ ಹೊರಗಾಗಿ ಮಡಚಿದ್ದವು. ಕೊನೆಯ ಹೊಲಿಗೆ ಬಿದ್ದ ಕೂಡಲೇ ತಿರುವಿ ಇಡುವುದು ಅಲ್ಲಿಯ ಪದ್ಧತಿ. ರಾಯದುರ್ಗದಲ್ಲಿ ಬಂಡಲ್ ಬಿಚ್ಚುವವರು ಬೈದುಕೊಂಡು ಮತ್ತೆ ತಿರುವುತ್ತಿದ್ದರಂತೆ. ಫೋಟೊಕ್ಕೂ ಹಾಗೆಯೇ ಇಟ್ಟಿದ್ದಾರೆ. ಜೀನ್ಸ್ ಬಟ್ಟೆ ಒಳಗಡೆ ಬಿಳಿಚಾಗಿರುತ್ತದೆ ಎಂಬುದು ಜೀನ್ಸ್ ಹಾಕುವ ಪ್ರತಿಯೊಬ್ಬನಿಗೂ ಗೊತ್ತು. ನಾನೂ ಜೀನ್ಸನ್ನೇ ಹಾಕಿಕೊಂಡು ನಿಂತಿದ್ದೆ.

ಹಾಗಾದರೆ ಒಳಮೈ ಕಂಡರೆ ತಪ್ಪು ಎಂದು ಪ್ರೋಗ್ರಾಮು ಕಲಿತದ್ದು ಎಲ್ಲಿ? ಅದಕ್ಕೆ ಉತ್ತರ ರಾಯದುರ್ಗದ ಟೇಬಲ್ಲಿನಲ್ಲಿತ್ತು, ನಾನು ದಿನಗಟ್ಟಲೆ ಕೂತು ನೋಡಿದ ಟೇಬಲ್ಲು. ಅಲ್ಲಿ ಹೆಂಗಸರಿಗೆ ಹೊಲಿಗೆ ತಪ್ಪಿದ ಪೀಸು ಸಿಕ್ಕರೆ ಕೂಡಲೇ ಒಳಮೈ ಹೊರಗೆ ಮಾಡಿ ಪಕ್ಕಕ್ಕಿಡುತ್ತಾರೆ, ಬಿಚ್ಚಿ ಮತ್ತೆ ಹೊಲಿಯುವುದು ಒಳಗಡೆಯಿಂದ. ಸರಿಯಿದ್ದದ್ದನ್ನು ಹಾಗೆಯೇ ಬಿಡುತ್ತಾರೆ. ತಪ್ಪು ಪೀಸುಗಳ ಫೋಟೊ ಎಲ್ಲ, ಪರೀಕ್ಷೆಗೆಂದು ತೆಗೆದ ಹೊಸ ಪೀಸುಗಳದ್ದೂ, ತಿರುವಿದ ಮೇಲೆ ತೆಗೆದದ್ದು. ಪ್ರೋಗ್ರಾಮು ಹೊಲಿಗೆಯನ್ನು ನೋಡಲೇ ಇಲ್ಲ. ಅದಕ್ಕಿಂತ ಸುಲಭದ ಗುರುತು ಸಿಕ್ಕಿತ್ತು. ಆಮೇಲೆ ನನ್ನ ವಿಧಾನ ಮಡಕಶಿರಾದ ಪ್ರತಿ ಪೀಸನ್ನೂ ಹಿಡಿದು ತಪ್ಪಿನ ಗುಂಪಿಗೆ ಎಳೆದು, ಮತ್ತೆ ಎಳೆದು, ಭದ್ರವಾಗಿ ಕೂರಿಸಿತು.

ಇದನ್ನು ಅಕ್ಕನಿಗೆ ವಿವರಿಸಿದೆ. ಅವಳಿಗೆ ಅದು ಮುಖ್ಯವೆನಿಸಲಿಲ್ಲ.

“ಅಲ್ಲ, ನಿನಗೆ ಗೊತ್ತಿರ್ಲಿಲ್ವಾ? ಮನೇಲಿ ಅವ್ವ ಇಂಗೇ ಮಾಡ್ತಿರ್ಲಿಲ್ವಾ? ಟೈಲರ್ ಅಂಗಡಿಯಿಂದ ಅಂಗಿ ತಂದ ತಕ್ಷಣ ತಿರುವಿ ಗೂಟಕ್ಕೆ ಹಾಕೋಳು. ಉಗಾದಿ ದಿನ ನೀರು ಹುಯ್ಕಂಡ ಮೇಲೇ ಸರಿ ಮಾಡಿ ಹಾಕೋದು. ನೀನು ಒಂದ್ ಸಲ ತಡೀಲಾರದೆ ಹಾಕ್ಕಂಡು ಬೀದಿಗೆ ಹೋಗಿ ಒದೆ ತಿಂದಿದ್ಯಲ್ಲೋ.”

ಗುಡಿಬಂಡೆಯ ಹತ್ತಿರದ ಆ ಮನೆ ನನಗೆ ನೆನಪಿದೆ. ಗೂಟ ನೆನಪಿದೆ. ಅವ್ವನ ಈ ಪದ್ಧತಿ ನೆನಪಿರಲಿಲ್ಲ. ಇರಲಿಲ್ಲ ಎಂದೇ ಅಕ್ಕನಿಗೆ ಹೇಳಿದೆ.

“ನೆನಪಿಲ್ವಂತೆ. ಎಷ್ಟು ಓದಿದ್ರೂ ಅಷ್ಟೇ.”

ಈಗ ವಿಚಿತ್ರವೆಂದರೆ, ಕಣ್ಣು ಮುಚ್ಚಿದರೆ ಗೂಟದ ಮೇಲೆ ಒಂದು ಅಂಗಿ ಕಾಣುತ್ತದೆ. ಕಾಲರಿನ ಪಟ್ಟಿ ಹೊರಗಿದೆ, ಜೇಬಿನ ಹಿಂಬದಿಯ ಹೊಲಿಗೆ ಕಾಣುತ್ತದೆ. ಅಂಗಿಯ ಬಣ್ಣವನ್ನೂ ಹೇಳಬಲ್ಲೆ. ಆದರೆ ಅಕ್ಕ ಹೇಳುವ ಮೊದಲು ಈ ಚಿತ್ರ ನನ್ನ ಬಳಿ ಇತ್ತೇ? ಅವಳು ಹೇಳಿದ್ದಕ್ಕೆ ಹತ್ತಿರ ಕಂಡದ್ದನ್ನೆಲ್ಲ ಎಳೆದು ತಂದು ನಾನೇ ಗೂಟಕ್ಕೆ ನೇತುಹಾಕಿರಬಹುದು. ಸಾಕ್ಷಿ ಹೇಳಲು ಅವ್ವ ಇಲ್ಲ. ಅಕ್ಕನನ್ನು ನಂಬಬಹುದು, ಆದರೆ ಅಂದು ಅವಳು ಕೋಪದಲ್ಲಿದ್ದಳು, ಕೋಪದಲ್ಲಿ ಅವಳಿಗೆ ನೆನಪುಗಳು ಬೇಕಾದ ಆಕಾರದಲ್ಲಿ ಸಿಗುತ್ತವೆ.

ಪೀಸುಗಳನ್ನು ಸರಿಮೈ ಮಾಡಿ ಫೋಟೊ ತೆಗೆಯಲು ಅಕ್ಕ ಒಪ್ಪಲು ಮಧ್ಯಾಹ್ನವಾಯಿತು. ಒಪ್ಪಿದ ಮೇಲೂ ಪ್ರತಿ ಫೋಟೊ ಆದ ಕೂಡಲೇ ಕಸಿದುಕೊಂಡು ತಿರುವಿಡುತ್ತಿದ್ದಳು. ಈ ಸಲ ನಾನೇ ಕೂತು, ಬೆರಳಿಟ್ಟು ಹೊಲಿಗೆ ನೋಡಿ, ಸರಿ ತಪ್ಪು ಗುರುತು ಹಾಕಿದೆ. ಕೆಲವು ನಿಜವಾಗಿಯೂ ತಪ್ಪಿದ್ದವು. ಅಕ್ಕ ಅವನ್ನು ಹೊಲಿದವಳ ಹೆಸರು ಹಿಡಿದು ಕರೆದು ಎಲ್ಲರ ಮುಂದೆ ಬೈದಳು. ಉಳಿದ ಬಹುಪಾಲು ಸರಿಯಿದ್ದವು. ರಾಯದುರ್ಗದವಕ್ಕಿಂತ ಒಳ್ಳೆಯವಲ್ಲ, ಕೆಟ್ಟವೂ ಅಲ್ಲ.

ಅಷ್ಟನ್ನೂ ಹೊತ್ತುಕೊಂಡು ರಾಯದುರ್ಗಕ್ಕೆ ಹೋದೆ. ಮೈದುನ ಚಹಾ ತರಿಸಲಿಲ್ಲ.

“ಮಡಕಶಿರಾಕ್ಕೆ ಹೋಗಿ ಬಂದ್ರಿ, ಅತ್ತಿಗಿ ಮಾಲೆಲ್ಲ ಸರಿ ಆತು. ನಾನು ದಡ್ಡ ಇರಬಹುದು ಡಾಕ್ಟರ್ರ, ಅಷ್ಟು ದಡ್ಡ ಅಲ್ರಿ.”

ನಾನು ಅವನ ಟೇಬಲ್ಲಿನ ಮೇಲೆ ಅವನ ಹೆಂಗಸರು ಸರಿ ಎಂದು ಬಿಟ್ಟಿದ್ದ ಪೀಸೊಂದನ್ನು ತೆಗೆದುಕೊಂಡೆ. ಹಳೆಯ ಪ್ರೋಗ್ರಾಮಿನ ಕೆಳಗೆ ಇಟ್ಟೆ. ಸರಿ ಎಂದಿತು. ತಿರುವಿ ಇಟ್ಟೆ. ತಪ್ಪು ಎಂದಿತು. ಇನ್ನೊಂದು. ಸರಿ, ತಪ್ಪು. ಟೇಬಲ್ಲಿನ ಹಿರಿಯ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೈದುನನೇ ಒಂದು ಪೀಸು ತೆಗೆದು ತಿರುವಿ ಇಟ್ಟ. ತಪ್ಪು.

ಅವನು ಪರದೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಹಂಗಾದ್ರ ಮಷೀನ್ ಸುಳ್ಳು.”

“ಹೌದು.”

“ಸುಳ್ಳು ಮಷೀನ್ ತಂದು ನನ್ನ ಟೇಬಲ್ ಮ್ಯಾಲ ಇಟ್ಟೋರ್ಯಾರು?”

“ಎರಡೂ ಮಗ್ಗುಲು ಫೋಟೊ ತೆಗೆಸಿ ಅಂತ ನಾನು ಮೊದಲ ದಿನವೇ ಹೇಳಿದ್ದೆ ಭಾವ. ಇಲ್ಲೇ ನಿಂತು ಹೇಳಿದ್ದೆ.”

“ಯಾವಾಗ? ‘ಟೇಬಲ್ ಮ್ಯಾಲ ಹೆಂಗ ಬರ್ತೈತೋ ಹಂಗ ತೆಗೀರಿ, ಏನೂ ಬದಲ ಮಾಡಬ್ಯಾಡ್ರಿ’ ಅಂದ್ರಿ. ಕೇಳ್ರಿ ಬೇಕಾದ್ರ ಇವರನ್ನ.”

ಹೆಂಗಸರು ಮಾಲೀಕನ ಮುಖ ನೋಡಿದರು, ನನ್ನ ಮುಖ ನೋಡಿದರು, ಹೌದ್ರಿ ಎಂದರು. ಮಾಲೀಕ ಕೇಳಿದ್ದಕ್ಕೆ ಹೌದೆಂದರು ಎಂದು ತಳ್ಳಿಹಾಕಬಹುದು. ಆದರೆ ಅವನು ಹೇಳಿದ ಆ ವಾಕ್ಯ ನನ್ನ ವಾಕ್ಯದ ಹಾಗೆಯೇ ಇತ್ತು. ತರಗತಿಯಲ್ಲಿ ನಾನು ಹಾಗೆಯೇ ಹೇಳುತ್ತೇನೆ: ಇದ್ದದ್ದನ್ನು ಇದ್ದಂತೆ ತೆಗೆಯಿರಿ, ಸಿಂಗರಿಸಬೇಡಿ. ಎರಡೂ ಮಗ್ಗುಲು ಎಂದು ಹೇಳುತ್ತ ಟೇಬಲ್ಲಿನ ಅಂಚು ಹಿಡಿದು ನಿಂತದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಗೂಟದ ಮೇಲಿನ ಅಂಗಿಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಬಿಟ್ಟುಕೊಡಲಿಲ್ಲ. ಹೇಳಿದ್ದೇನೆ ಎಂದು ಇನ್ನೊಮ್ಮೆ ಹೇಳಿದೆ, ದನಿ ಏರಿಸಿ.

“ಇರ್ಲಿ ಬಿಡ್ರಿ,” ಎಂದ. “ಬೊಮ್ಮನಹಾಳದವನಿಗೆ ಮಾಲು ಹೋಗಿ ಆತು. ಮಾತು ಕೊಟ್ಟೀನಿ.”

“ತಪ್ಪು ಅಂತ ಗೊತ್ತಾದ ಮೇಲೂ?”

“ಅತ್ತಿಗಿ ಬಂದು ಕೇಳ್ಲಿ. ಇಷ್ಟು ವರ್ಷ ಆತು, ಒಂದಿನ ಬಂದು ‘ಮಾಲು ಕಳಿಸಪ್ಪಾ’ ಅಂತ ಕೇಳ್ಯಾರೇನ್ರಿ? ಲಾರಿ ಬರೋದು ತಡಾ ಆದ್ರ ಫೋನ್ ಮಾಡಿ ಬೈಯ್ತಾರ. ಬಂದು ಕೇಳ್ಲಿ, ನೋಡೋಣು.”

ಆಗ ನನಗೆ ಅವನು ಅರ್ಥವಾದ. ವಾಪಸು ಬಂದ ಬಂಡಲ್ಲು, ವ್ಯಾಪಾರಿ, ಕ್ಯಾಮೆರಾ, ಇವು ಯಾವುದೂ ಅವನಿಗೆ ಬೇಕಿರಲಿಲ್ಲ. ಅಣ್ಣನ ಹೆಂಡತಿ ಬಾಗಿಲಿಗೆ ಬಂದು ನಿಲ್ಲಬೇಕಿತ್ತು. ತಾನೇ ಹೇಳಿದರೆ ಅದು ದಬ್ಬಾಳಿಕೆಯಾಗುತ್ತಿತ್ತು. ಪರದೆಯ ಮೇಲೆ ಬಂದರೆ ತೀರ್ಮಾನವಾಗುತ್ತದೆ. ಕ್ಯಾಮೆರಾ ತಪ್ಪು ಎಂದಾಗ ಅದು ಪ್ರಮಾಣ, ಸರಿ ಎಂದಾಗ ಅದು ಅಕ್ಕ ತಮ್ಮನ ಮಸಲತ್ತು. ಇಂಥ ಕಡೆ ಯಾವ ವಿಧಾನ ತಂದಿಟ್ಟರೂ ಅದು ಅವನ ಗುಂಪಿಗೇ ಎಳೆಯುತ್ತದೆ. ನಾನು ಫೋನನ್ನು ಸ್ಟ್ಯಾಂಡಿನಿಂದ ಬಿಚ್ಚಿಕೊಂಡೆ. ಪ್ರೋಗ್ರಾಮನ್ನು ಅವನ ಕಂಪ್ಯೂಟರಿನಿಂದ ಅಳಿಸಿದೆ. ಅವನು ತಡೆಯಲಿಲ್ಲ, ಅವನಿಗೆ ಅದರ ಕೆಲಸ ಮುಗಿದಿತ್ತು.

ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಬಂದು ಕೇಳ್ಬೇಕಂತಾ?”

“ಒಂದು ಮಾತು ಕೇಳಿದರೆ ಲಾರಿ ಬರುತ್ತೆ ಅಕ್ಕ. ಹೆಂಗಸರೆಲ್ಲ ಕೆಲಸ ಕಳೆದುಕೊಳ್ತಾರೆ.”

“ಈ ಸಲ ಕೇಳಿದ್ರೆ ಮುಂದಿನ್ ಸಲಾನೂ ಕೇಳ್ಬೇಕು. ಆಮೇಲೆ ಪ್ರತಿ ಲಾರಿಗೂ. ಅವ್ನಣ್ಣ ಇದ್ದಾಗ ಅವ್ನು ನನ್ನ ಎದುರಿಗೆ ಕೂತು ಮಾತಾಡ್ತಿರ್ಲಿಲ್ಲ. ಹೋಗಲ್ಲ ನಾನು.”

ಹೋಗಲಿಲ್ಲ. ಉಳಿದಿದ್ದ ಬಟ್ಟೆ ಹೊಲಿದು ಮುಗಿಸಿ ಕಳಿಸಿದಳು. ಆಮೇಲೆ ಲಾರಿ ಬರುವುದೇ ನಿಂತಿತು. ಈಗ ಶೆಡ್ಡಿನಲ್ಲಿ ಒಂದು ಬದಿಯ ಮಷೀನುಗಳು ಮಾತ್ರ ಓಡುತ್ತವೆ. ಹಿಂದೂಪುರದ ಒಬ್ಬರು ಶಾಲೆ ಯೂನಿಫಾರಂ ಹೊಲಿಯಲು ಕೊಡುತ್ತಾರೆ, ಅದು ವರ್ಷವಿಡೀ ಇರುವ ಕೆಲಸವಲ್ಲ. ಅರ್ಧದಷ್ಟು ಹೆಂಗಸರು ಬೇರೆ ಕೂಲಿಗೆ ಹೋದರು. ಅವರಲ್ಲಿ ಒಬ್ಬಳು ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿಕೊಂಡಳು. ಅಥವಾ ನನ್ನನ್ನು ಗುರುತಿಸಲಿಲ್ಲ.

ಕಳೆದ ಸಲ ಹೋದಾಗ ಅಕ್ಕ ಓಡದ ಮಷೀನುಗಳಿಗೆ ಹಳೆಯ ಟಾರ್ಪಾಲು ಹೊದಿಸುತ್ತಿದ್ದಳು. ಪ್ರೋಗ್ರಾಮಿನ ತಪ್ಪನ್ನು ನಾನೇ ಹಿಡಿದೆನಲ್ಲ, ಅವನ ಮುಂದೆಯೇ ತೋರಿಸಿದೆನಲ್ಲ ಎಂದೆ. ಯಾಕೆ ಎಂದೆನೋ ಗೊತ್ತಿಲ್ಲ.

“ನೀನು ಆ ಮಷೀನ್ ಮಾಡ್ಕೊಡದೆ ಸುಮ್ನಿದ್ದಿದ್ರೆ ಅವ್ನು ಇನ್ನೂ ನೆಪ ಹುಡುಕ್ತಾನೇ ಇರ್ತಿದ್ದ ಕಣೋ,” ಎಂದಳು. ಕೋಪವಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. “ಒಂದೆರಡು ವರ್ಷ ಹುಡುಕ್ತಿದ್ದ. ಅಷ್ಟರಲ್ಲಿ ನಾನು ಬೇರೆ ದಾರಿ ನೋಡ್ಕಂತಿದ್ದೆ.”

ಅವಳು ಟಾರ್ಪಾಲಿನ ಒಂದು ತುದಿ ಬಿಡಿಸಿದಳು.

“ನಿಂತ್ಕಂಡು ಏನ್ ನೋಡ್ತೀಯ? ಆ ತುದಿ ಹಿಡ್ಕ,” ಎಂದಳು. ಹಿಡಿದುಕೊಂಡೆ. ಇಬ್ಬರೂ ಸೇರಿ ಟಾರ್ಪಾಲನ್ನು ಗೋಡೆಯವರೆಗೆ ಎಳೆದೆವು.